ನಿನ್ನೆ ಓಡುತ್ತಿತ್ತು, ಇಂದು ತೆವಳುತ್ತಿದೆ

ಜನವರಿಯಿಂದ ಪತ್ತನಾಜೆಯ ತನಕ ಕಾಸರಗೋಡು ಸೀಮೆಯ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತಿಲ್ಲ. ಬ್ರಹ್ಮಕಲಶೋತ್ಸವದ ಆಮಂತ್ರಣ, ಕಳಿಯಾಟದ ನೋಟಿಸು, ಬಯಲಾಟದ ಕರಪತ್ರ, ಮದುವೆಯ ಕಾಗದ ಎಲ್ಲವೂ ನಾಳೆಗೇ ಆಗಬೇಕು. ಬದಿಯಡ್ಕವಿರಲಿ, ಕುಂಬಳೆ, ಮುಳ್ಳೇರಿಯ ಇರಲಿ, ಅಂಗಡಿಯ ಡೆಸ್ಕ್‌ಟಾಪ್ ಕೈಕೊಡುವುದೂ ಇಂಥ ಹೊತ್ತಿಗೇ. ನಿನ್ನೆ ಸಂಜೆ ತನಕ ಸರಿಯಿತ್ತು. ಇವತ್ತು ಬೆಳಿಗ್ಗೆ ಸ್ವಿಚ್ ಹಾಕಿ ಚಾ ಕುಡಿದು ಬಂದರೂ ಪರದೆಯ ಮೇಲಿನ ಸುತ್ತು ತಿರುಗುತ್ತಲೇ ಇದೆ. ಪೇಜ್‌ಮೇಕರ್ ತೆರೆಯಲು ಐದು ನಿಮಿಷ, ಸೇವ್ ಆಗಲು ಇನ್ನೆರಡು. ನೋಡಿದವರೆಲ್ಲ ಕೊಡುವ ತೀರ್ಪು ಒಂದೇ: "ಹಳತಾಯಿತು ಮಾರಾಯ್ರೆ, ಹೊಸತು ತೆಗೊಳ್ಳಿ."

ಈ ತೀರ್ಪಿಗೆ ಒಂದು ತಕರಾರಿದೆ. ಯಾವ ಕಂಪ್ಯೂಟರೂ ಒಂದೇ ರಾತ್ರಿಯಲ್ಲಿ ಹಳತಾಗುವುದಿಲ್ಲ. ಹೊಸ ತಂತ್ರಾಂಶಗಳು ಭಾರವಾದಂತೆ ಹಳೆಯ ಯಂತ್ರ ವರ್ಷಗಳ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ, ನಿಜ. ಆದರೆ ಅದರ ಪ್ರೊಸೆಸರ್ ಎಂಟು ವರ್ಷದ ಹಿಂದೆ ಮಾಡುತ್ತಿದ್ದ ಲೆಕ್ಕವನ್ನು ಇಂದಿಗೂ ಅದೇ ವೇಗದಲ್ಲಿ ಮಾಡುತ್ತದೆ. ಇದ್ದಕ್ಕಿದ್ದಂತೆ ನಿಧಾನವಾಯಿತು ಎಂದರೆ ಏನೋ ಒಂದು ಬದಲಾಗಿದೆ ಎಂದೇ ಅರ್ಥ. ಅದನ್ನು ಹುಡುಕಲು ಬೇಕಾದದ್ದು ಅರ್ಧ ಗಂಟೆಯ ತಾಳ್ಮೆ ಮತ್ತು ಒಂದು ಕ್ರಮ. ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತ, ಯಾರೋ ಹೇಳಿದ 'ಕ್ಲೀನರ್' ಹಾಕುತ್ತ ಹೋದರೆ ಸಾಕ್ಷ್ಯವೆಲ್ಲ ನಾಶವಾಗಿ ಮೂಲ ಕಾರಣ ಹಾಗೆಯೇ ಉಳಿಯುತ್ತದೆ.

ಮೊದಲು ದಿನಾಂಕ

ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಯಾವತ್ತಿನಿಂದ? ನೆನಪಿಗಿಂತ ವಿಂಡೋಸ್ ಇಟ್ಟುಕೊಂಡಿರುವ ದಿನಚರಿ ವಾಸಿ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಎಂದು ಇಂಗ್ಲಿಷಿನಲ್ಲಿ ಹೊಡೆದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಎಂಬ ಸಾಲು ಬರುತ್ತದೆ. ಅದನ್ನು ತೆರೆದರೆ ದಿನವಾರು ನಕ್ಷೆ ಸಿಗುತ್ತದೆ. ಯಾವ ದಿನ ಯಾವ ಅಪ್‌ಡೇಟ್ ಕೂತಿತು, ಯಾವ ತಂತ್ರಾಂಶ ಬಂತು, ಯಾವುದು ಕುಸಿಯಿತು ಎಂಬುದು ತಾರೀಖು ಸಮೇತ ಅಲ್ಲಿದೆ. ನಿಧಾನವಾದ ದಿನವೇ ಹೊಸ ಪ್ರಿಂಟರ್ ಡ್ರೈವರ್ ಬಂದಿದ್ದರೆ, ಎರಡನೆಯ ಆ್ಯಂಟಿವೈರಸ್ ಒಳಹೊಕ್ಕಿದ್ದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಎರಡು ಆ್ಯಂಟಿವೈರಸ್‌ಗಳು ಒಂದೇ ಫೈಲನ್ನು ಸರದಿಯಲ್ಲಿ ತಪಾಸಣೆ ಮಾಡತೊಡಗಿದರೆ ಯಾವ ಯಂತ್ರವೂ ಸೊರಗುತ್ತದೆ.

ಎರಡನೆಯದು, ರೀಸ್ಟಾರ್ಟ್. "ದಿನಾ ರಾತ್ರಿ ಬಂದ್ ಮಾಡುತ್ತೇವಲ್ಲ" ಎನ್ನುವವರು ಒಂದು ಸಂಗತಿ ಗಮನಿಸಬೇಕು. ವಿಂಡೋಸ್ 8ರಿಂದೀಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ವ್ಯವಸ್ಥೆಯ ತಿರುಳು ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನೇ ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ 'ಅಪ್ ಟೈಮ್' ನೋಡಿದರೆ ದಿನಾ ಆರಿಸಿದ ಕಂಪ್ಯೂಟರ್ ಹತ್ತಾರು ದಿನಗಳಿಂದ ಎಚ್ಚರವಾಗಿರುವುದು ಕಾಣಬಹುದು. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ ಮಾತ್ರ.

ಮೂರನೆಯದು, ನಿಧಾನವಾದದ್ದು ಕಂಪ್ಯೂಟರೋ ಇಂಟರ್ನೆಟ್ಟೋ ಎಂದು ಬೇರ್ಪಡಿಸುವುದು. ನೆಟ್ ಕೇಬಲ್ ಎಳೆದುಬಿಡಿ, ನೋಟ್‌ಪ್ಯಾಡ್ ತೆರೆಯಿರಿ, ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಿ. ಅದೆಲ್ಲ ಸಲೀಸಾಗಿ ನಡೆದರೆ ದೂರು ಹೋಗಬೇಕಾದ್ದು ನೆಟ್ ಕೊಡುವವರಿಗೆ. ಅಕ್ಷಯ ಕೇಂದ್ರದಲ್ಲಿ ಅರ್ಜಿಯ ಪುಟ ತೆರೆಯದಿದ್ದರೆ ದೋಷ ಬಹುತೇಕ ಸರ್ವರಿನದ್ದು. ಅದಕ್ಕೆ ಮೇಜಿನ ಮೇಲಿನ ಯಂತ್ರವನ್ನು ಬೈದು ಫಲವಿಲ್ಲ.

ನಾಲ್ಕು ಅಂಕಣಗಳ ಸಾಕ್ಷಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಅಂಕಣಗಳಿವೆ. ಯಂತ್ರ ತೆವಳುತ್ತಿರುವಾಗ ಯಾವ ಅಂಕಣ 100 ಮುಟ್ಟಿದೆ ಎಂಬುದೇ ಮುಖ್ಯ ಸುಳಿವು.

ಸಿಪಿಯು ತುಂಬಿದ್ದರೆ ಯಾರು ತಿನ್ನುತ್ತಿದ್ದಾರೆ ಎಂದು ನೋಡಿ. 'ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟೆಬಲ್' ಎಂದಿದ್ದರೆ ಅದು ವಿಂಡೋಸಿನದ್ದೇ ಕಾವಲುಗಾರ. ತಪಾಸಣೆ ಮುಗಿಯುವ ತನಕ ಬಿಟ್ಟುಬಿಡಿ. ಅಪ್‌ಡೇಟ್ ಕೆಲಸವಾದರೂ ಅಷ್ಟೇ, ಕೆಲವು ಗಂಟೆಗಳಲ್ಲಿ ತಣ್ಣಗಾಗುತ್ತದೆ. ಹೆಸರೇ ಕೇಳರಿಯದ ಪ್ರೋಗ್ರಾಂ ಒಂದು ಯಾರೂ ಕೆಲಸ ಮಾಡದ ಹೊತ್ತಿನಲ್ಲೂ ಸಿಪಿಯುವನ್ನು ಪೂರ್ತಿ ಹಿಡಿದಿದ್ದರೆ, ಕದ್ದು ಕ್ರಿಪ್ಟೊ ನಾಣ್ಯ ಟಂಕಿಸುವ ದುಷ್ಟ ತಂತ್ರಾಂಶದ ಅನುಮಾನ ಬರಬೇಕು. ಪುಕ್ಕಟೆ ಸಿಗುವ 'ಕ್ರ್ಯಾಕ್' ಪ್ರತಿಗಳ ಜೊತೆ ಇವು ಬರುವುದುಂಟು.

ಮೆಮೊರಿ ತುಂಬಿದ್ದರೆ ಒಟ್ಟು ಎಷ್ಟು ತೋರಿಸುತ್ತಿದೆ ಎಂದು ಪರೀಕ್ಷಿಸಿ. 4 ಜಿಬಿಯ ಎರಡು ರ‍್ಯಾಮ್ ಪಟ್ಟಿ ಇರುವ ಯಂತ್ರ ಒಟ್ಟು 4 ಜಿಬಿ ಮಾತ್ರ ತೋರಿಸಿದರೆ ಒಂದು ಪಟ್ಟಿ ಕೈಬಿಟ್ಟಿದೆ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ಅದುವೇ.

ಡಿಸ್ಕ್ ಎಂಬ ಇಕ್ಕಟ್ಟು

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ 100 ಮುಟ್ಟಿ ಕೂರುವುದು ಹೆಚ್ಚಾಗಿ ಡಿಸ್ಕ್ ಅಂಕಣ. ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಆಚೀಚೆ ಸರಿಯಲು ಇನ್ನಷ್ಟು ಹೊತ್ತು. ಹೀಗಾಗಿ ಚದುರಿಬಿದ್ದ ಚಿಕ್ಕ ಚಿಕ್ಕ ಫೈಲುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಒಂದು ಸೆಕೆಂಡಿನಲ್ಲಿ ಸಾವಿರಗಟ್ಟಲೆ ಓದುತ್ತದೆ. ಬ್ರಹ್ಮಕಲಶದ ಊಟಕ್ಕೆ ಅಡಿಗೆಯವರು ಎಷ್ಟೇ ಚುರುಕಿರಲಿ, ಬಡಿಸುವವ ಒಬ್ಬನೇ ಆದರೆ ಪಂಕ್ತಿ ಮುಂದೆ ಸಾಗದು. ಹಾರ್ಡ್ ಡಿಸ್ಕ್ ಇರುವ ಯಂತ್ರದ ಪಾಡೂ ಅದೇ.

ಇಷ್ಟಾದರೂ ಅದು ನಿನ್ನೆ ತನಕ ನಡೆಯುತ್ತಿತ್ತಲ್ಲ? ಇಲ್ಲಿಯೇ ಕೆಡುತ್ತಿರುವ ಡಿಸ್ಕಿನ ಗುಟ್ಟಿರುವುದು. ಡಿಸ್ಕಿನ ಮೇಲಿನ ಒಂದು ಚುಕ್ಕಿ ಜಾಗ ದುರ್ಬಲವಾದರೆ ಡ್ರೈವ್ ಕೂಡಲೇ ಸೋಲೊಪ್ಪದೆ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟು ಹೊತ್ತೂ ಇಡೀ ಯಂತ್ರ ಬಾಯಿ ಕಳೆದು ಕೂರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಇದ್ದು, ಓದುವ ಬರೆಯುವ ವೇಗ ಮಾತ್ರ ಹೆಚ್ಚುಕಡಿಮೆ ಸೊನ್ನೆ ಇದ್ದರೆ ಅದು ದುಡಿಮೆಯಲ್ಲ, ಒದ್ದಾಟ. 'ಕ್ರಿಸ್ಟಲ್‌ಡಿಸ್ಕ್‌ಇನ್ಫೊ' ಎಂಬ ಉಚಿತ ತಂತ್ರಾಂಶ ಡಿಸ್ಕಿನ ಸ್ವಂತ ಆರೋಗ್ಯ ದಾಖಲೆಯನ್ನು ಓದಿ ತೋರಿಸುತ್ತದೆ. 'ರೀಅಲೊಕೇಟೆಡ್ ಸೆಕ್ಟರ್', 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು ಹಳದಿ ಎಚ್ಚರಿಕೆ ಬಂದಿದ್ದರೆ ಡಿಸ್ಕಿನ ಮೇಲೆ ಭರವಸೆ ಇಡುವಂತಿಲ್ಲ. 'ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಮೊದಲು ಡೇಟಾ ಕೇಬಲ್ ಬದಲಿಸಿ ನೋಡಬೇಕು. ಅದು ಅಗ್ಗದಲ್ಲಿ ಮುಗಿಯುವ ದುರಸ್ತಿ.

ಹಳದಿ ಕಂಡ ಕೂಡಲೇ ಮಾಡಬೇಕಾದ ಕೆಲಸ ಒಂದೇ, ಬೇಕಾದ ಫೈಲುಗಳನ್ನು ಹೊರಗೆ ತೆಗೆಯುವುದು. ಡಿಫ್ರ್ಯಾಗ್, ಪೂರ್ಣ ವೈರಸ್ ಸ್ಕ್ಯಾನ್, ಚೆಕ್‌ಡಿಸ್ಕ್ ಎಲ್ಲವೂ ಆ ಬಳಿಕ. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ಓದಿಸಿದರೆ ಉಳಿದದ್ದೂ ಕೈತಪ್ಪಬಹುದು.

ಮಳೆ, ಕರೆಂಟು, ಇರುವೆ

ಕಾಸರಗೋಡಿನ ಹವೆಗೆ ತನ್ನದೇ ಪಾಲಿದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಿದು. ಆಟಿಯ ತೇವಕ್ಕೆ ಬಟ್ಟೆ ಒಣಗದು, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ರ‍್ಯಾಮ್ ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಿಗೂ ಕಿಲುಬು ಮುತ್ತುತ್ತದೆ. ಊರಿನ ಮೆಕ್ಯಾನಿಕ್ ಮಾಡುವ ಮದ್ದು ಸರಳ: ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ ಬಸಿದು, ರ‍್ಯಾಮ್ ತೆಗೆದು ಆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, 'ಟಕ್' ಎನ್ನುವ ತನಕ ಒತ್ತಿ ಕೂರಿಸುವುದು. ಕಳೆದುಹೋದ 4 ಜಿಬಿ ಎಷ್ಟೋ ಸಲ ಇಷ್ಟರಲ್ಲೇ ಮರಳುತ್ತದೆ.

ಬೇಸಗೆಯ ಕಥೆ ಬೇರೆ. ಮುರಕಲ್ಲಿನ ಕೆಂಪು ಧೂಳು ಫ್ಯಾನಿನ ಕೆಳಗಿನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಇರುವೆಗಳಿಗಂತೂ ಕ್ಯಾಬಿನೆಟ್ ಬೆಚ್ಚನೆಯ ಮನೆ. ಗಾಳಿ ಆಡದೆ ಪ್ರೊಸೆಸರ್ ನೂರು ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೂಲ ವೇಗ 3.2 ಗಿಗಾಹರ್ಟ್ಸ್ ಎಂದಿದ್ದು, ಭಾರದ ಕೆಲಸ ಕೊಟ್ಟಾಗಲೂ 0.8ರಲ್ಲೇ ಕುಂಟುತ್ತಿದ್ದರೆ ಶಾಖದ ಅನುಮಾನ ಬಲವಾಗುತ್ತದೆ. ಕೆಲಸವಿಲ್ಲದಾಗ ವೇಗ ಇಳಿಯುವುದು ಸಹಜವಾದ್ದರಿಂದ ಕೆಲಸ ಕೊಟ್ಟೇ ಅಳೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ತಡೆಹಿಡಿಯಬೇಕು, ಇಲ್ಲವಾದರೆ ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಹುಡಿಯಾಗಿದ್ದರೆ ಹೊಸತಾಗಿ ಹಚ್ಚಬೇಕು.

ಸಿಡಿಲಿನ ಹೊಡೆತಕ್ಕೆ ಸಿಕ್ಕ ಯಂತ್ರ ಸಾಮಾನ್ಯವಾಗಿ ಸುಟ್ಟೇ ಹೋಗುತ್ತದೆ. ಆದರೆ ಗುಡುಗಿನ ದಿನ ಬಂದು ಹೋಗಿ ಆಟವಾಡುವ ಕರೆಂಟು, ಡಿಸ್ಕ್ ಬರೆಯುತ್ತಿರುವ ನಡುವೆಯೇ ಕೈಕೊಟ್ಟರೆ ಫೈಲ್ ವ್ಯವಸ್ಥೆ ಹದಗೆಡುತ್ತದೆ. ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದ ಲೆಕ್ಕ. ತುಲಾಮಳೆಯ ಕಾಲದಲ್ಲೂ ಪತ್ತನಾಜೆಗೆ ಮೊದಲಿನ ಗಾಳಿಮಳೆಯ ಕಾಲದಲ್ಲೂ ಮಿಂಚು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬರುವುದರಿಂದ, ಮೋಡ ಕಟ್ಟಿದೊಡನೆ ಪ್ಲಗ್ ಕೀಳುವ ನಮ್ಮ ಹಳೆಯ ರೂಢಿಯೇ ಸರಿ. ಜೊತೆಗೆ ನೆಟ್ ಕೇಬಲನ್ನೂ ತೆಗೆಯಬೇಕು.

ಶಾಲೆಯ ಲ್ಯಾಬ್ ಕಲಿಸಿದ ಪಾಠ

ಹಳೆಯ ಯಂತ್ರಗಳನ್ನು ದುಡಿಸುವ ವಿದ್ಯೆಗೆ ಕೇರಳದ ಸರಕಾರಿ ಶಾಲೆಗಳಿಗಿಂತ ದೊಡ್ಡ ಪ್ರಯೋಗಶಾಲೆ ಸಿಗದು. ಇಸ್ರೊ ಅಧ್ಯಕ್ಷರಾಗಿದ್ದ ಉಡುಪಿ ಅದಮಾರಿನ ಯು.ಆರ್. ರಾವ್ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಶುರುವಾಯಿತು. 2017ರಲ್ಲಿ ಅದು 'ಕೈಟ್' ಎಂಬ ಸರಕಾರಿ ಕಂಪನಿಯಾಯಿತು. ಶಾಲೆಗಳು ವಿಂಡೋಸ್ ಬಿಟ್ಟು ಗ್ನೂ/ಲಿನಕ್ಸಿಗೆ ಹೊರಳಿದವು. 2019ರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಶಾಲಾ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ಹೊಸ ಆವೃತ್ತಿ ಬಂದಾಗ, ಲೈಸೆನ್ಸ್ ಖರ್ಚಿನಲ್ಲಿ 3000 ಕೋಟಿ ರೂಪಾಯಿ ಉಳಿತಾಯ ಎಂದು ಕೈಟ್ ಲೆಕ್ಕ ಕೊಟ್ಟಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಮುದ್ರಿತವಾದ ಐಸಿಟಿ ಪಠ್ಯ ಓದಿ ಇದೇ ವ್ಯವಸ್ಥೆಯಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ. 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಮಕ್ಕಳ ಕೂಟದ ತರಬೇತಿಯಲ್ಲಿ ಹಾರ್ಡ್‌ವೇರೂ ಸೇರಿದೆ. ಕೀಬೋರ್ಡ್ ಹಿಡಿದ ಮಗು ಕ್ಯಾಬಿನೆಟ್ ಬಿಚ್ಚುವುದನ್ನೂ ಕಲಿತರೆ "ಹಳತಾಯಿತು" ಎಂಬ ಮಾತನ್ನು ಸುಲಭಕ್ಕೆ ನಂಬದು.

ಈ ಲೆಕ್ಕಾಚಾರ ಈಗ ಮನೆ ಅಂಗಡಿಗಳಿಗೂ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದರಿಂದಾಗಿ ಕಂಪ್ಯೂಟರ್ ನಿಧಾನವಾಯಿತು ಎಂಬುದು ತಪ್ಪು ತಿಳಿವಳಿಕೆ. ವೇಗಕ್ಕೆ ಏನೂ ಆಗಿಲ್ಲ, ಭದ್ರತೆಯ ತೇಪೆಗಳು ಬರುವುದು ನಿಂತಿದೆ, ಅಷ್ಟೇ. ಆದರೆ ಅದು ಸಣ್ಣ ಸಂಗತಿಯಲ್ಲ. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ರ ಷರತ್ತುಗಳಿಗೆ ಒಗ್ಗುವುದಿಲ್ಲ. ಮಕ್ಕಳ ಓದು, ಪತ್ರ ವ್ಯವಹಾರ, ಬ್ರೌಸಿಂಗ್ ಇಷ್ಟೇ ಇರುವ ಮನೆಗೆ ಕೈಟ್‌ನ ಲಿನಕ್ಸ್ ಧಾರಾಳ ಸಾಕು, ಸಾರ್ವಜನಿಕರೂ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಡಿಟಿಪಿಯವರ ಇಕ್ಕಟ್ಟು ಬೇರೆ. ವರ್ಷಗಳ ಆಮಂತ್ರಣಗಳೆಲ್ಲ ಪೇಜ್‌ಮೇಕರಿನಲ್ಲಿ, ನುಡಿ, ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಕೂತಿರುವಾಗ ಪೇಜ್‌ಮೇಕರ್ ನೇರವಾಗಿ ಓಡದ ಲಿನಕ್ಸಿಗೆ ಅವರು ಒಮ್ಮೆಲೇ ಜಿಗಿಯಲಾರರು. ಅಂಥವರು ಆ ಯಂತ್ರವನ್ನು ನೆಟ್ಟಿನಿಂದ ಬಿಡಿಸಿ ಡಿಟಿಪಿಗಷ್ಟೇ ಮೀಸಲಿಟ್ಟು, ನೆಟ್ ಕೆಲಸಕ್ಕೆ ಬೇರೊಂದನ್ನು ಬಳಸುವುದು ಕ್ಷೇಮ.

ಅಂಗಡಿಗೆ ಒಯ್ಯುವುದಾದರೆ

ಇಷ್ಟು ನೋಡಿದ ಮೇಲೂ ಬಗೆಹರಿಯದಿದ್ದರೆ ರಿಪೇರಿ ಅಂಗಡಿಗೆ ಹೋಗಲೇಬೇಕು, ಕಾಸರಗೋಡು ಪೇಟೆಗಾಗಲಿ, ಮಂಗಳೂರಿಗಾಗಲಿ. ಆದರೆ "ಸ್ಲೋ ಆಗಿದೆ, ನೋಡಿ" ಎಂದಷ್ಟೇ ಹೇಳಿ ಬಿಟ್ಟು ಬಂದರೆ ಬಹಳ ಕಡೆ ಮೊದಲು ಆಗುವುದು ಫಾರ್ಮ್ಯಾಟ್. ಡಿಸ್ಕೇ ಕೆಟ್ಟಿದ್ದರೆ ಫಾರ್ಮ್ಯಾಟ್ ಮಾಡಿ ಪ್ರಯೋಜನವಿಲ್ಲ, ವಾರದೊಳಗೆ ಅದೇ ರಗಳೆ. ಯಾವ ದಿನದಿಂದ, ಯಾವ ಅಂಕಣ 100, ಡಿಸ್ಕಿನ ದಾಖಲೆ ಏನು ಹೇಳುತ್ತದೆ ಎಂಬ ಮೂರು ಮಾತು ಚೀಟಿಯಲ್ಲಿ ಬರೆದುಕೊಡಿ. ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದಾದರೆ ಹಳೆಯ ಡಿಸ್ಕನ್ನು ಮರಳಿ ಕೇಳಿ ತನ್ನಿ. ನಿಮ್ಮ ಆಧಾರ್ ಪ್ರತಿಯಿಂದ ಬ್ಯಾಂಕಿನ ಕಾಗದದ ತನಕ ಅದರಲ್ಲಿರುತ್ತದೆ. ಪರದೆಯ ಮೇಲೆ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಬಂದರೆ ಮಾತ್ರ ಯಾರಿಗೂ ಕರೆ ಮಾಡಬೇಡಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ತಿಳಿಸಬೇಕು.

ಹೊಸ ಕಂಪ್ಯೂಟರ್ ಕೊಳ್ಳಲೇಬೇಕಾದ ದಿನವೂ ಬರಬಹುದು. ಮದರ್‌ಬೋರ್ಡ್ ಕೆಟ್ಟು ಬಿಡಿಭಾಗ ಸಿಗದಿದ್ದಾಗ, ಕೆಲಸಕ್ಕೆ ಬೇಕಾದ ತಂತ್ರಾಂಶವನ್ನು ಯಂತ್ರ ಹೊರಲಾಗದಿದ್ದಾಗ ಅದು ನ್ಯಾಯವಾದ ಖರ್ಚು. ಕಾರಣ ಗೊತ್ತಾದ ಮೇಲೆ ಕೊಳ್ಳಿ. ಕಾರಣ ಗೊತ್ತಿಲ್ಲದೆ ಕೊಂಡರೆ ಅದೇ ಧೂಳು, ಅದೇ ಸತ್ತ ಯುಪಿಎಸ್, ಅದೇ ಕ್ರ್ಯಾಕ್ ತಂತ್ರಾಂಶದ ನಡುವೆ ಹೊಸ ಯಂತ್ರವನ್ನೂ ತಂದು ಕೂರಿಸಿದಂತಾಗುತ್ತದೆ.