ಕಾರವಾರದ ಕೊಲ್ಲಿ: ಶಾಂತ ನೀರಿಗೆ ಎಷ್ಟು ಜನ ಪಾಲುದಾರರು?

ಇವತ್ತು ಕಾರವಾರಕ್ಕೆ ಹೋಗೋಣ. ಹೆದ್ದಾರಿ 66ರಲ್ಲಿ ಗೋವಾಕ್ಕೆ ಹೋಗಿದ್ರೆ ಈ ಕಡಲತೀರ ನೋಡೇ ಇರ್ತೀರಿ. ಒಂದು ತುದಿಗೆ ಕಾಳಿ ನದಿಯ ಅಳಿವೆ, ಇನ್ನೊಂದು ತುದಿಗೆ ಬೈತಖೋಲ್ ಗುಡ್ಡ, ನಡುವೆ ಬಿಲ್ಲಿನ ಹಾಗೆ ಬಾಗಿದ ಮರಳು. ಗುಡ್ಡ, ದ್ವೀಪಗಳು ಅಲೆಯ ಹೊಡೆತ ತಡೆಯೋದ್ರಿಂದ ಒಳಗಿನ ನೀರು ಶಾಂತ. ಊರಿನ ಆಸ್ತಿ ಅದೇ, ಜಗಳಾನೂ ಅದಕ್ಕೇ.

17ನೇ ಶತಮಾನದಲ್ಲೇ ಇಂಗ್ಲಿಷ್ ವ್ಯಾಪಾರಿಗಳು ಕಾಳುಮೆಣಸಿಗಾಗಿ ಇಲ್ಲಿಗೆ ಬಂದಿದ್ರು. ರವೀಂದ್ರನಾಥ ಟ್ಯಾಗೋರ್ 1883ರಲ್ಲಿ, ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇದ್ರು. ಬೀಚಿಗೆ ಅವರ ಹೆಸರು ಬಂದದ್ದು ಹಾಗೆ.

ಈಗ ಪಾಲುದಾರರ ಲೆಕ್ಕ ಹಾಕೋಣ. ಬೈತಖೋಲ್‌ನಲ್ಲಿ ವಾಣಿಜ್ಯ ಬಂದರು, ಪಕ್ಕದಲ್ಲೇ ಮೀನುಗಾರಿಕಾ ಬಂದರು. ಬೀಚಿನಲ್ಲಿ ಪ್ರವಾಸಿಗರು, ಚಾಪಲ್ ಯುದ್ಧನೌಕೆಯ ಮ್ಯೂಸಿಯಂ. ದಕ್ಷಿಣಕ್ಕೆ 2005ರಲ್ಲಿ ಶುರುವಾದ ಐಎನ್‌ಎಸ್ ಕದಂಬ ನೌಕಾನೆಲೆ. ಅದಕ್ಕಾಗಿ ಸಾವಿರಾರು ಕುಟುಂಬಗಳು ಊರು ಬಿಟ್ವು, ಮೀನುಗಾರರಿಗೆ ಆ ಭಾಗದ ತೀರಗಳು ಕೈತಪ್ಪಿದ್ವು.

ಇನ್ನು ರಂಪಣಿ. ದೋಣಿಯಲ್ಲಿ ಉದ್ದದ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಟ್ಟು, ದಡದಲ್ಲಿ ನಿಂತು ಎರಡೂ ತುದಿಯನ್ನು ಹತ್ತಾರು ಜನ ಎಳೀತಾರೆ. ಇದಕ್ಕೆ ಜೆಟ್ಟಿ ಬೇಡ, ಡೀಸೆಲ್ ಬೇಡ. ಉದ್ದಕ್ಕೆ ಖಾಲಿ ಮರಳು ಇದ್ರೆ ಸಾಕು. ಅದಿಲ್ಲ ಅಂದ್ರೆ ರಂಪಣಿಯೇ ಇಲ್ಲ.

ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆ, ಬೀಚಿನ ಕಡೆ ಅಲೆತಡೆಗೋಡೆ ಅಂದಾಗ ಮೀನುಗಾರರು ಬೀದಿಗಿಳಿದದ್ದು ಇದಕ್ಕೇ. 2020ರ ಜನವರಿಯಲ್ಲಿ ಹೈಕೋರ್ಟ್ ಕಾಮಗಾರಿಗೆ ತಡೆ ಕೊಟ್ಟಿತು.

ಗೋಡೆ ಕಟ್ಟಿದ್ರೆ ಏನಾಗುತ್ತೆ? ಅಲೆಗಳು ಮರಳನ್ನು ದಡದುದ್ದಕ್ಕೂ ಸಾಗಿಸ್ತಾನೇ ಇರ್ತವೆ. ಕಲ್ಲು ಅಡ್ಡ ಬಂದ್ರೆ ಒಂದು ಕಡೆ ಮರಳು ಗುಡ್ಡೆ ಬೀಳುತ್ತೆ, ಇನ್ನೊಂದು ಕಡೆ ದಡ ಕೊರೆಯುತ್ತೆ. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದಲೂ ಇದೆ. ಆದರೆ ಬಂದರಿನಂಥ ಕೆಲಸಕ್ಕೆ ಅದರಲ್ಲೇ ಅನುಮತಿಯ ದಾರಿಯೂ ಇದೆ.

ಬಂದರು ಬೆಳೆದ್ರೆ ಕೆಲಸ ಹುಟ್ಟುತ್ತೆ, ಸರಿ. ಆದರೆ ನಾನು ಓದಿದ್ದು ಕಾಮರ್ಸ್. ಆದಾಯದ ಪಕ್ಕದಲ್ಲೇ ಖರ್ಚನ್ನೂ ಬರೀಬೇಕು ಅಂತ ಕಲಿಸಿದ್ದಾರೆ. ಒಂದೊಂದೇ ಯೋಜನೆ ನೋಡಿದ್ರೆ ಪ್ರತಿಯೊಂದೂ ತಗೊಳ್ಳೋದು ಸ್ವಲ್ಪವೇ ಅನ್ಸುತ್ತೆ. ಎಲ್ಲ ಕೂಡಿಸಿದ ಮೇಲೆ ಬಲೆ ಎಳೆಯೋಕೆ ಎಷ್ಟು ಮರಳು ಉಳೀತು? ಮುಂದಿನ ಯೋಜನೆಯ ಸುದ್ದಿ ಬಂದಾಗ ಮೊದಲು ಇದನ್ನ ಕೇಳಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.