ಅಕ್ಷರ ಕಂಡರೂ ಮೆಟ್ಟಿಲು ಕಾಣದ ಕಣ್ಣು

ನೇತ್ರಾಲಯದ ಫಲಕದ ಕೊನೆಯ ಸಾಲನ್ನು ಸರಾಗವಾಗಿ ಓದಿದ ಹಿರಿಯರೇ ಮುಸ್ಸಂಜೆಯಲ್ಲಿ ಕಲ್ಲುಮೆಟ್ಟಿಲಿನ ಅಂಚು ತಿಳಿಯದೆ ಎಡವುತ್ತಾರೆ. ಬಿಳಿಯ ಬಟ್ಟಲಿಗೆ ಹಾಲು ಸುರಿಯುವಾಗ ಚೆಲ್ಲುತ್ತಾರೆ. ನಾವು ಅದನ್ನು ಅಜಾಗರೂಕತೆಯೆಂದು ಗದರುವುದೂ ಉಂಟು. ಫಲಕದ ಅಕ್ಷರಗಳಾದರೋ ಅಚ್ಚಬಿಳುಪಿನ ಮೇಲಿನ ಕಡುಕಪ್ಪು. ನಿತ್ಯಜೀವನದಲ್ಲಿ ಅಷ್ಟು ಸ್ಪಷ್ಟವಾದ ಅಂತರ ವಿರಳ. ಒಂದು ಛಾಯೆಯನ್ನು ಪಕ್ಕದ ಛಾಯೆಯಿಂದ ಬೇರ್ಪಡಿಸಿ ಕಾಣುವ ಶಕ್ತಿಯೇ ಬೇರೆ. ವೈದ್ಯರು ಅದನ್ನು ಕಾಂಟ್ರಾಸ್ಟ್ ಸಂವೇದನೆ ಎನ್ನುತ್ತಾರೆ, ನಾವಿಲ್ಲಿ ಛಾಯಾಭೇದವೆನ್ನೋಣ.

ಮುಪ್ಪಿನಲ್ಲಿ ಈ ಶಕ್ತಿ ಸಹಜವಾಗಿಯೇ ಕುಗ್ಗುತ್ತದೆ. ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರವು ಹಳದಿಗಟ್ಟಿ ಬೆಳಕನ್ನು ಚದುರಿಸುತ್ತದೆ. 20ರ ಹರೆಯದವರ ಅಕ್ಷಿಪಟಲವನ್ನು ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ 60ರವರಿಗೆ ದೊರೆಯುತ್ತದೆ. ನರಗಳ ಚುರುಕೂ ತುಸು ತಗ್ಗುತ್ತದೆ. ಆದರೂ ಒಳ್ಳೆಯ ದೀಪದಿಂದ, ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ, ಬಹುಮಟ್ಟಿನ ಪರಿಹಾರ ಸಾಧ್ಯ.

ಗ್ಲಾಕೋಮಾದ ಬಗೆಯೇ ಬೇರೆ. ಅಕ್ಷಿಪಟಲದಿಂದ ಮಿದುಳಿಗೆ ದೃಶ್ಯವನ್ನು ಒಯ್ಯುವ ನರತಂತುಗಳು ಪ್ರತಿ ಕಣ್ಣಿಗೆ ಸುಮಾರು 10 ಲಕ್ಷ. ಆ ತಂತುಗಳನ್ನು ಹೊರಟಿಸುವ ಜೀವಕೋಶಗಳು ಬೆಳಕನ್ನು ಬರಿದೆ ಅಳೆಯುವುದಿಲ್ಲ. ನಡುವಿನ ಬೆಳಕನ್ನು ಸುತ್ತಲಿನ ಬೆಳಕಿನೊಡನೆ ಹೋಲಿಸುತ್ತವೆ. ಛಾಯಾಭೇದದ ಮೂಲವೇ ಈ ಹೋಲಿಕೆ. ಗ್ಲಾಕೋಮಾದಲ್ಲಿ ಸಾಯುವುದೂ ಇವೇ ಕೋಶಗಳು. ಆದ್ದರಿಂದ ಅಕ್ಷರದ ಓದು ಕೆಡುವ ಮೊದಲೇ ಛಾಯಾಭೇದ ಮಸುಕಾಗಬಹುದು. ಸಾಮಾನ್ಯವಾಗಿ ನೋವಿರುವುದಿಲ್ಲ. ಕಪ್ಪು ಕಲೆಯೂ ಕಾಣುವುದಿಲ್ಲ, ಏಕೆಂದರೆ ಕಳೆದುಹೋದ ಜಾಗವನ್ನು ಮಿದುಳು ಸುತ್ತಲಿನ ದೃಶ್ಯದಿಂದ ತುಂಬಿಕೊಳ್ಳುತ್ತದೆ. ರೋಗಿಗೆ ತೋರುವುದು ಬರಿಯ ಮಬ್ಬು.

ಅಪಾಯವಿರುವುದು ಇಲ್ಲಿಯೇ. ವಯಸ್ಸಿನ ಮಬ್ಬೂ ಗ್ಲಾಕೋಮಾದ ಮಬ್ಬೂ ಅನುಭವಕ್ಕೆ ಒಂದೇ. "ಪೊರೆ ಇರಬೇಕು, ಬಲಿಯಲಿ" ಎಂದು ಕಾಯುತ್ತ ಕುಳಿತರೆ ಪೊರೆಯಿಂದ ಮರೆಯಾದ ದೃಷ್ಟಿ ಮರಳೀತು, ನರದೊಡನೆ ಹೋದದ್ದು ಮರಳದು. 1988ರಲ್ಲಿ ರೂಪುಗೊಂಡ ಪೆಲ್ಲಿ-ರಾಬ್ಸನ್ ಫಲಕದಲ್ಲಿ ಅಕ್ಷರಗಳ ಗಾತ್ರ ಒಂದೇ. ಮೂರು ಮೂರು ಅಕ್ಷರಕ್ಕೊಮ್ಮೆ ಬಣ್ಣ ಮಾತ್ರ ತೆಳುವಾಗುತ್ತದೆ. ಅದು ಕೊರತೆಯನ್ನು ತೋರಿಸೀತೇ ಹೊರತು ಕಾರಣವನ್ನಲ್ಲ. ಕಾರಣ ತಿಳಿಯಲು ಕಣ್ಣಿನ ಒತ್ತಡ, ದೃಷ್ಟಿನರ, ದೃಷ್ಟಿಕ್ಷೇತ್ರ ಮೂರನ್ನೂ ಪರೀಕ್ಷಿಸಬೇಕು. ಒತ್ತಡ ಸಹಜವಾಗಿದ್ದವರಲ್ಲಿಯೂ ಈ ರೋಗ ಬರುವುದರಿಂದ ಒತ್ತಡವೊಂದನ್ನೇ ನಂಬಲಾಗದು. 40 ದಾಟಿದವರು, ಅದರಲ್ಲಿಯೂ ತಂದೆತಾಯಿ ಇಲ್ಲವೆ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು, ಈ ಪರೀಕ್ಷೆಯನ್ನು ಮುಂದೂಡಬಾರದು. ವೈದ್ಯರು ಕೊಟ್ಟ ಹನಿಗಳನ್ನು "ದೃಷ್ಟಿಯೇನೂ ಹೆಚ್ಚಲಿಲ್ಲ" ಎಂದು ಬಿಡುವವರಿದ್ದಾರೆ. ಹನಿ ಇರುವುದು ಉಳಿದ ನರವನ್ನು ಕಾಯುವುದಕ್ಕೆ.

ಮನೆಯಲ್ಲಿ ಹಿರಿಯರಿದ್ದರೆ ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಬಳಿಯಿರಿ. ಹಾಲಿಗೆ ಗಾಢಬಣ್ಣದ ಬಟ್ಟಲನ್ನಿಡಿ.