ಸಗರನಾಡಿನ ಬಾನುಲಿ

ಕೃಷ್ಣಾ ಭೀಮಾ ನದಿಗಳ ನಡುವಣ ಸಗರನಾಡಿನಲ್ಲಿ, ಎಂದರೆ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ಸುರಪುರಗಳ ಸೀಮೆಯಲ್ಲಿ, ಬಾನುಲಿಯ ಚರಿತ್ರೆಯನ್ನು ಬರೆಯಹೊರಟವನು ಮೊದಲು ಕೇಳಿಕೊಳ್ಳಬೇಕಾದುದು ಗೋಪುರವೆಲ್ಲಿ ನಿಂತಿತೆಂಬುದನ್ನಲ್ಲ, ಜನರ ಕಿವಿ ಯಾವ ಪಟ್ಟಣದತ್ತ ತಿರುಗಿತ್ತೆಂಬುದನ್ನು. ಏಕೆಂದರೆ ಇಲ್ಲಿಗೆ ದನಿಯೆಂಬುದು ದೀರ್ಘಕಾಲ ಅನ್ಯನಗರಗಳಿಂದಲೇ ಬಂದಿತು. ಆ ನಗರಗಳೂ ಒಂದೇ ಆಗಿರಲಿಲ್ಲ. ರಾಜ್ಯದ ಎಲ್ಲೆಗಳು ಸರಿದಂತೆಲ್ಲ ಇಲ್ಲಿಯ ಶ್ರೋತೃಗಳು ಪೆಟ್ಟಿಗೆಯ ಮುಳ್ಳನ್ನು ಹೈದರಾಬಾದಿನಿಂದ ಧಾರವಾಡಕ್ಕೆ, ಧಾರವಾಡದಿಂದ ಕಲಬುರಗಿಗೆ ಸರಿಸುತ್ತ ಬಂದರು.

1935ನೆಯ ಇಸವಿ ಕನ್ನಡ ಬಾನುಲಿಯ ಮಟ್ಟಿಗೆ ವಿಲಕ್ಷಣವಾದ ವರ್ಷ. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಶಕ್ತಿಯ ಪ್ರೇಷಕವೊಂದನ್ನು ಹೂಡಿ ಪ್ರಸಾರವನ್ನಾರಂಭಿಸಿದರು, ಮುಂದೆ ಇಡಿಯ ದೇಶದ ಬಾನುಲಿಗೆ ಹೆಸರಾದ ‘ಆಕಾಶವಾಣಿ’ ಆ ಗೃಹದಿಂದಲೇ ಹೊರಟುದು. ಅದೇ ವರ್ಷ ನಿಜಾಮನ ಸರ್ಕಾರವು, ಹೈದರಾಬಾದಿನಲ್ಲಿ ಖಾಸಗಿಯಾಗಿ ಮೊದಲಾಗಿದ್ದ ಚಿಕ್ಕ ಬಾನುಲಿ ಕೇಂದ್ರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ಡೆಕ್ಕನ್ ರೇಡಿಯೋ. ಒಂದೆಡೆ ಪ್ರಾಧ್ಯಾಪಕನೊಬ್ಬನ ವ್ಯಸನ, ಇನ್ನೊಂದೆಡೆ ದೊರೆಯೊಬ್ಬನ ಇಲಾಖೆ; ನಿಜಾಮನ ಆಳ್ವಿಕೆಗೊಳಪಟ್ಟಿದ್ದ ಯಾದಗಿರಿಯ ಕನ್ನಡಿಗರಿಗೆ ದೊರೆತುದು ಎರಡನೆಯದು. ಉರ್ದುವಿಗೆ ಅಗ್ರಾಸನವಿದ್ದ ಆ ಕೇಂದ್ರದಲ್ಲಿ ತೆಲುಗು ಮರಾಠಿಗಳ ಜೊತೆಗೆ ಕನ್ನಡಕ್ಕೂ ಒಂದಿಷ್ಟು ವೇಳೆ ಮೀಸಲಾಗಿತ್ತು. ಆದರೆ ವಿದ್ಯುತ್ತೇ ಇಲ್ಲದ ಹಳ್ಳಿಗಳ ಆ ಸೀಮೆಯಲ್ಲಿ ಬಾನುಲಿ ಪೆಟ್ಟಿಗೆಯೆಂಬುದು ವಾಡೆಯ ಜಹಗೀರದಾರರ, ಪೇಟೆಯ ಸಾಹುಕಾರರ, ಅಧಿಕಾರಿಗಳ ಸೊತ್ತಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಡೆಕ್ಕನ್ ರೇಡಿಯೋದ ಪ್ರಸಾರಗಳಲ್ಲಿ ಈ ನಾಡಿನ ಭವಿಷ್ಯವನ್ನೇ ತಿರುಗಿಸಿದುದು 1948ರ ಸೆಪ್ಟೆಂಬರ್ 17ರ ಸಂಜೆಯದು. ಭಾರತೀಯ ಸೇನೆ ರಾಜಧಾನಿಯನ್ನು ಸಮೀಪಿಸುತ್ತಿದ್ದ ಹೊತ್ತಿನಲ್ಲಿ, ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೈದರಾಬಾದಿನಲ್ಲಿದ್ದ ಕೆ. ಎಂ. ಮುನ್ಷಿಯವರ ಸಲಹೆಯಂತೆ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು ಸ್ವತಃ ಬಾನುಲಿ ಕೇಂದ್ರಕ್ಕೆ ಬಂದು ಕದನವಿರಾಮವನ್ನು ಘೋಷಿಸಿದನು. ಅಂದಿನ ಜಗತ್ತಿನ ಅತ್ಯಂತ ಧನಿಕರಲ್ಲೊಬ್ಬನೆಂದು ಪ್ರಸಿದ್ಧನಾದ ದೊರೆಯ ಆಳ್ವಿಕೆ ಧ್ವನಿಗ್ರಾಹಕದ ಮುಂದಿನ ಕೆಲವು ಮಾತುಗಳಲ್ಲಿ ಮುಗಿದುಹೋಯಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಇಂದು ಪ್ರತಿವರ್ಷ ಅದೇ ದಿನ ಧ್ವಜವೇರಿಸಿ ಉತ್ಸವವನ್ನಾಚರಿಸುವಾಗ, ಆ ವಿಮೋಚನೆಯ ವಾರ್ತೆ ಮೊದಲು ಹೊರಟುದು ಒಂದು ಬಾನುಲಿಯ ಕೋಣೆಯಿಂದ ಎಂಬುದನ್ನು ಭಾಷಣಕಾರರು ಹೇಳುವುದು ಕಡಿಮೆ.

1950ರಲ್ಲಿ ಎರಡು ಘಟನೆಗಳು ಕೂಡಿಬಂದವು. ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಮೊದಲಾಯಿತು. ಏಪ್ರಿಲಿನಲ್ಲಿ ಡೆಕ್ಕನ್ ರೇಡಿಯೋ ಭಾರತ ಸರ್ಕಾರದ ಕೈಸೇರಿತು. ಆರು ವರ್ಷಗಳ ತರುವಾಯ, ನವೆಂಬರ್ 1ರಂದು, ಕಲಬುರಗಿ ರಾಯಚೂರು ಬೀದರ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾದಾಗ, ಸುರಪುರದ ಕಿವಿಗಳು ಪಶ್ಚಿಮಕ್ಕೆ ಹೊರಳಿದುದು ಸಹಜವೇ ಆಯಿತು. ಆದರೂ ಧಾರವಾಡದ ಕನ್ನಡ ಸಗರನಾಡಿನ ಕನ್ನಡವಲ್ಲ. ಅಲ್ಲಿಯ ಸಂಗೀತದ ಶ್ರೀಮಂತಿಕೆಗೆ ತಲೆದೂಗಿದವರೇ, ಅಲ್ಲಿಂದ ಬರುವ ಒಕ್ಕಲುತನದ ಮಾತು ತಮ್ಮ ಹೊಲದ್ದಲ್ಲವೆಂದು ಅಂದುಕೊಂಡಿದ್ದರೆ ಅದು ಅಪರಾಧವಲ್ಲ.

ಆ ಕೊರತೆಯನ್ನು ನೀಗಿದುದು 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ. ಯಾದಗಿರಿಯು ಆಗ ಕಲಬುರಗಿ ಜಿಲ್ಲೆಯ ಒಂದು ತಾಲೂಕು. ಪ್ರತ್ಯೇಕ ಜಿಲ್ಲೆಯಾಗಲು ಇನ್ನೂ ನಾಲ್ಕು ದಶಕಗಳಿಗೆ ಮಿಕ್ಕ ಕಾಲ ಕಾಯಬೇಕಾಗಿದ್ದಿತು. ಆದುದರಿಂದ ಕಲಬುರಗಿಯ ಕೇಂದ್ರವೆಂದರೆ ಯಾದಗಿರಿಯವರಿಗೆ ತಮ್ಮ ಜಿಲ್ಲೆಯದೇ ಕೇಂದ್ರ. ಮಧ್ಯಮ ತರಂಗದಲ್ಲಿ 271 ಮೀಟರ್, ಎಂದರೆ 1107 ಕಿಲೋಹರ್ಟ್ಸ್: ಉದ್ಘೋಷಕರು ದಿನವೂ ಉಚ್ಚರಿಸುತ್ತಿದ್ದ ಈ ಅಂಕಗಳು ಒಂದು ತಲೆಮಾರಿನ ಜನಕ್ಕೆ ಮನೆಯ ವಿಳಾಸದಷ್ಟೇ ಕಂಠಸ್ಥವಾದವು. ಪೆಟ್ಟಿಗೆಯಿಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಪರವಾನಗಿಯ ಶುಲ್ಕ ಕಟ್ಟಬೇಕಾಗಿದ್ದ ಕಾಲವದು. ಅಗ್ಗದ ಟ್ರಾನ್ಸಿಸ್ಟರುಗಳು ಬಂದು, ಪರವಾನಗಿಯ ಕಾಟವೂ ತೊಲಗಿದ ಮೇಲೆ, ಎತ್ತಿನ ಕೊರಳಿಗೆ ಗಂಟೆ ಕಟ್ಟಿದಂತೆ ಬಂಡಿಯ ಮೂಕಿಗೆ ರೇಡಿಯೋ ತೂಗಹಾಕಿಕೊಂಡು ಹೊಲಕ್ಕೆ ಹೋಗುವುದು ಸಾಧ್ಯವಾಯಿತು.

ಕೇಂದ್ರವೊಂದು ಸ್ಥಳೀಯವಾಗುವುದು ಅದರ ಗೋಪುರ ಸಮೀಪದಲ್ಲಿರುವುದರಿಂದಲ್ಲ, ಕೇಳುಗನ ನಾಲಿಗೆ ಅದರೊಳಕ್ಕೆ ಹೋಗಿಬರಬಲ್ಲುದರಿಂದ ಎಂಬುದು ನನ್ನ ಅಭಿಮತ. ಈ ಸೀಮೆಯಲ್ಲಿ ಅದಕ್ಕೆ ಬೇಕಾದ ಸಾಮಗ್ರಿಗೆ ಬಡತನವಿಲ್ಲ. ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯಪರಂಪರೆಯವರ ತತ್ವಪದಗಳು ಏಕತಾರಿ ದಮ್ಮಡಿಗಳೊಡನೆ ಇಲ್ಲಿಯ ಭಜನಾಮಂಡಲಿಗಳಲ್ಲಿ ಇಂದಿಗೂ ಜೀವಂತವಾಗಿವೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹಿಂದೂ ಮುಸಲ್ಮಾನರಿಬ್ಬರೂ ನೆರೆಯುತ್ತಾರೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಗಳ ಸುತ್ತ ಹಾಡುವ ರಿವಾಯತ್ ಪದಗಳ ಭಾಷೆ ಅಚ್ಚ ಕನ್ನಡ. ಪತ್ರಿಕೆಗೆ ಇಂಥವು ವಿಷಯಗಳಾಗಬಲ್ಲವು, ಬಾನುಲಿಗೆ ಇವು ಧ್ವನಿಯೇ. ಅಕ್ಷರವರಿಯದ ಗಾಯಕನ ಕಂಠ ಗ್ರಂಥಸ್ಥವಾಗದೆಯೇ ಕಾಯ್ದಿರಿಸಲ್ಪಡಬಲ್ಲುದಾದರೆ ಅದು ಆಕಾಶವಾಣಿಯ ಧ್ವನಿಭಂಡಾರದಂತಹ ಸ್ಥಳದಲ್ಲಿ. ಇಂತಹ ಭಂಡಾರಗಳ ಸಂರಕ್ಷಣೆಯ ವಿಚಾರದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ತೋರಬೇಕಾದ ಆಸ್ಥೆಯನ್ನು ತೋರಿಲ್ಲವೆಂದೇ ಹೇಳಬೇಕು.

ಇನ್ನು ಎಫ್.ಎಂ. ವಿಚಾರ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಸ್ವಾಮ್ಯಪತ್ರ ಪಡೆದ ಈ ಪದ್ಧತಿ ನಮ್ಮ ದೇಶಕ್ಕೆ ಬಂದುದು 1977ರಲ್ಲಿ, ಮದರಾಸಿಗೆ. ಗುಡುಗು ಮಿಂಚುಗಳ ಗರಗರ ಅದಕ್ಕೆ ತಟ್ಟದು. ಆದರೆ ಮಧ್ಯಮ ತರಂಗವು ನೆಲವನ್ನನುಸರಿಸಿ ಬಹುದೂರ ಸಾಗುವಂತೆ ಅದು ಸಾಗದು, ಕಣ್ಣಿನ ನೋಟದಂತೆ ನೇರವಾಗಿ ಹೋಗಿ ದಿಗಂತದಲ್ಲಿ ನಿಲ್ಲುವುದು, ಗುಡ್ಡ ಅಡ್ಡವಾದರೆ ಅಲ್ಲಿಯೇ ಕುಂದುವುದು. ಮಲಗಿದ ಬುದ್ಧನ ಆಕಾರವೆಂದು ಪ್ರವಾಸಿಗರು ಮೆಚ್ಚುವ ಶಹಾಪುರದ ಬೆಟ್ಟಸಾಲು ಎಫ್.ಎಂ. ತರಂಗಕ್ಕೆ ಬರಿಯ ಅಡ್ಡಗೋಡೆ. ಕಲಬುರಗಿಯಲ್ಲಿ ಬೇರೂರಿದ ಖಾಸಗಿ ಎಫ್.ಎಂ. ಆ ನಗರದ ತರುಣರ ಸಂತೋಷಕ್ಕೆ ಒದಗಿತಲ್ಲದೆ, ನೂರು ಕಿಲೋಮೀಟರ್ ಆಚೆಯ ಸುರಪುರದ ಪಾಲಿಗೆ ಅದರಿಂದ ಹೆಚ್ಚಿನ ಲಾಭವಾಗಲಿಲ್ಲ.

ತರಂಗಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಬೇರೊಂದು ಬಾಗಿಲು ತೆರೆಯಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೂ, 2006ರಲ್ಲಿ ಲಾಭಾಪೇಕ್ಷೆಯಿಲ್ಲದ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅನುಮತಿ ದೊರೆಯಿತು. ಈ ಎರಡನೆಯ ಅನುಮತಿಗೆ ಮುನ್ನವೇ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರ, ತರಂಗಕ್ಕೆ ಅನುಮತಿಯಿಲ್ಲದುದರಿಂದ, ತಂತಿಯ ಮೂಲಕವೇ ಮನೆಮನೆಗೆ ದನಿ ಹರಿಸಿತ್ತು. ಕಲಬುರಗಿಯ ಶರಣಬಸವೇಶ್ವರ ವಿದ್ಯಾಸಂಸ್ಥೆಯ ‘ಅಂತರ್ವಾಣಿ’ 90.8 ಮೆಗಾಹರ್ಟ್ಸ್‌ನಲ್ಲಿ ಹೊರಟುದು ಈ ನೀತಿಯ ಆಶ್ರಯದಲ್ಲಿಯೇ.

ಸಮುದಾಯ ಬಾನುಲಿಯ ನಿಯಮಗಳು ಬಿಗಿಯಾದವು. ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಗೋಪುರ 30 ಮೀಟರ್. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಆ ಊರಿನವೇ ಆಗಿರಬೇಕು. ಸ್ವಂತ ವಾರ್ತೆಗಳನ್ನು ಬಿತ್ತರಿಸುವಂತಿಲ್ಲ. ಕೊನೆಯ ನಿಷೇಧವನ್ನು ನಾನೊಪ್ಪಲಾರೆ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತನಿಗೆ ತನ್ನ ತೂಬಿಗೆ ನೀರು ಎಂದು ಬರುವುದೆಂಬುದಕ್ಕಿಂತ ದೊಡ್ಡ ವಾರ್ತೆಯಾವುದು? ನೀರಿನ ಸರದಿ, ತೊಗರಿಯ ಧಾರಣೆ, ಹತ್ತಿಯ ಕಾಯಿಕೊರಕ, ತಾಲೂಕು ಆಸ್ಪತ್ರೆಯ ಲಸಿಕೆಯ ದಿನ, ಇವುಗಳನ್ನು ವಾರ್ತೆಯೆನ್ನದೆ ಮಾಹಿತಿಯೆಂದು ಕರೆದು ಹೇಳುವ ಜಾಣ್ಮೆಯನ್ನು ಕೇಂದ್ರಗಳು ಹೇಗೋ ಕಲಿತುಕೊಂಡಿವೆ.

100 ವ್ಯಾಟಿನ ಪ್ರೇಷಕದ ದನಿ ತಲಪುವುದು ಸುಮಾರು ಹತ್ತು ಹದಿನೈದು ಕಿಲೋಮೀಟರ್. ಶಹಾಪುರದಿಂದ ಹೊರಟುದು ಸುರಪುರಕ್ಕೆ ನಿಲುಕದು, ಯಾದಗಿರಿಗೂ ನಿಲುಕದು. ಆದುದರಿಂದ ಸಗರನಾಡಿನಲ್ಲಿ ಇಂಥ ಕೇಂದ್ರದ ಮಾತೆತ್ತುವವರು ಒಂದಕ್ಕಲ್ಲ, ಊರಿಗೊಂದರಂತೆ ಮೂರಕ್ಕೆ ಅರ್ಜಿ ಬರೆಯಬೇಕಾಗುತ್ತದೆ.